ಸಹಯಾತ್ರಿಕರ ಹೊತ್ತು ಯಾರ ಸೊತ್ತು?

ತೂಕದಲ್ಲಿ ಒಂದು ಗುಂಜಿ ಕಡಿಮೆ ಕೊಟ್ಟ ವರ್ತಕನನ್ನು ನಮ್ಮ ಶಾಸ್ತ್ರವು ಸುಮ್ಮನೆ ಬಿಡುವುದಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಹೀನಾಧಿಕ ಮಾನೋನ್ಮಾನವನ್ನೂ ಸೇರಿಸಿದ್ದಾರೆ. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಮತ್ತೊಂದು ಅಳತೆ ಇಡುವುದೇ ಅದು. ನಾಲ್ಕು ದಶಕಗಳ ಕಾಲ ತಕ್ಕಡಿಯ ಹಿಂದೆ ಕುಳಿತ ನನಗೆ ಇದರ ಅರ್ಥ ಚೆನ್ನಾಗಿ ತಿಳಿದಿದೆ. ಆದರೆ ಕಾಲದ ವಿಷಯದಲ್ಲಿ ನಮ್ಮ ಸಮಾಜದವರು ರಾಜಾರೋಷವಾಗಿ ಇಡುತ್ತಿರುವ ಎರಡು ಅಳತೆಗಳನ್ನು ಕೇಳುವವರೇ ಇಲ್ಲ. ತನ್ನ ಐದು ನಿಮಿಷ ಹೋದರೆ ಕೂಗಾಡುವ ಗೃಹಸ್ಥನೇ ಪರರ ಒಂದು ಗಂಟೆಯನ್ನು ನಗುನಗುತ್ತಾ ನುಂಗಿಹಾಕುತ್ತಾನೆ.

ಕಳೆದ ಮಾಘಮಾಸದಲ್ಲಿ ಹುಬ್ಬಳ್ಳಿಯಿಂದ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ಹೊರಟ ಒಂದು ದಿನದ ಮಾರ್ಗದರ್ಶಿತ ಪ್ರವಾಸದಲ್ಲಿ ನಾನೂ ಇದ್ದೆ. ಬಸ್ಸಿನಲ್ಲಿ 38 ಜನ. ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮವರೇ. ಮಾರ್ಗದರ್ಶಿಯು ವಿಷಯ ಬಲ್ಲ ತರುಣ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಕ್ರಿ.ಶ. 578ರ ಶಾಸನವನ್ನು ಆತ ವಿವರಿಸುತ್ತಿದ್ದಾಗ ನಮ್ಮವರೊಬ್ಬರು ಮೊಬೈಲಿನಲ್ಲಿ ಚಿತ್ರಗೀತೆ ಹಾಕಿದರು. ಇನ್ನಿಬ್ಬರು ಬೆಳ್ಳಿಯ ದರವನ್ನು ಚರ್ಚಿಸತೊಡಗಿದರು. ನಾಲ್ಕನೆಯದಾದ ಜೈನ ಗುಹೆಯಲ್ಲಿಯಾದರೂ ಮೌನವಿದ್ದೀತೆಂಬ ನನ್ನ ನಿರೀಕ್ಷೆ ಸುಳ್ಳಾಯಿತು. ಮೊಗಸಾಲೆಯ ಒಂದು ತುದಿಯಲ್ಲಿ ಪಾರ್ಶ್ವನಾಥ, ಇನ್ನೊಂದು ತುದಿಯಲ್ಲಿ ಬಳ್ಳಿ ಹಬ್ಬಿದ ಬಾಹುಬಲಿ. ಬೆಳಗೊಳದ ಗೊಮ್ಮಟನಿಗಿಂತ ಶತಮಾನಗಳಷ್ಟು ಹಿಂದಿನ ಆ ಮೂರ್ತಿಯ ಹೆಗಲಿಗೆ ಕೈಯಿಟ್ಟು, ಒಬ್ಬರಾದ ಮೇಲೊಬ್ಬರು ಚಿತ್ರ ತೆಗೆಸಿಕೊಂಡರು. ಮನೆಯ ಬಸದಿಯಲ್ಲಿ ಮಡಿಯುಡದೆ ಗರ್ಭಗುಡಿಯ ಹೊಸ್ತಿಲು ದಾಟದವರು ಇವರು!

ಅನರ್ಥದಂಡವ್ರತದ ಅತಿಚಾರಗಳಲ್ಲಿ ಮೌಖರ್ಯವೆಂಬುದೊಂದಿದೆ. ಹೊತ್ತುಗೊತ್ತಿಲ್ಲದೆ ಹರಟುವುದು ಎಂದರ್ಥ. ಪ್ರವಚನದಲ್ಲಿ ಇದನ್ನು ಕೇಳಿ ತಲೆದೂಗುವವರಿಗೆ ಅದು ಬಸ್ಸಿಗೂ ಅನ್ವಯಿಸುತ್ತದೆಂದು ತೋರುವುದಿಲ್ಲ.

ಗುಹೆಗಳಿಂದ ಹನ್ನೊಂದೂಕಾಲಕ್ಕೆ ಹೊರಡಬೇಕಾಗಿತ್ತು. ನಾಲ್ವರು ಖಣದ ಅಂಗಡಿಯಿಂದ ಮರಳಿದ್ದು ಹನ್ನೆರಡಕ್ಕೆ. ಬನಶಂಕರಿಯಲ್ಲಿ ಊಟದ ಬಳಿಕ ಅದೇ ನಾಲ್ವರಿಂದ 35 ನಿಮಿಷ, ಪಟ್ಟದಕಲ್ಲಿನಲ್ಲಿ 20 ನಿಮಿಷ. ಒಟ್ಟು ನೂರು ನಿಮಿಷವಾಯಿತು. ಕಾದು ಕುಳಿತವರು 34 ಜನ. ಲೆಕ್ಕದ ಪುಸ್ತಕದಲ್ಲಿ ಬರೆದರೆ 56 ಗಂಟೆ 40 ನಿಮಿಷ. ಇಷ್ಟು ಹೊತ್ತು ಅದರ ಒಡೆಯರು ಕೊಡದೆಯೇ ಬೇರೆಯವರ ಕೈಸೇರಿತು. ಕೊಡದುದನ್ನು ತೆಗೆದುಕೊಳ್ಳುವುದಕ್ಕೆ ಶಾಸ್ತ್ರವು ಅದತ್ತಾದಾನವೆಂಬ ಹೆಸರಿಟ್ಟಿದೆ. ಹಣವಾದರೆ ಬಡ್ಡಿಸಹಿತ ಹಿಂದಿರುಗಿಸಬಹುದು. ಇದನ್ನು ಯಾವ ಅಂಗಡಿಯಿಂದ ತಂದುಕೊಡುತ್ತಾರೆ?

ನಷ್ಟವು ಬರೀ ಗಡಿಯಾರದ್ದಲ್ಲ. ಪಟ್ಟದಕಲ್ಲಿನ ದೇವಾಲಯ ಸಮೂಹದಿಂದ ತುಸು ದೂರದಲ್ಲಿರುವ ರಾಷ್ಟ್ರಕೂಟ ಕಾಲದ ಜೈನ ಬಸದಿಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗಿದೆವು. ಐಹೊಳೆ ತಲುಪುವಾಗ ಹೊತ್ತು ಇಳಿದಿತ್ತು. ಮೇಗುಟಿಯ ಗುಡ್ಡ ಹತ್ತಲು ಕಾವಲುಗಾರರು ಬಿಡಲಿಲ್ಲ. ರವಿಕೀರ್ತಿ ಎಂಬ ಜೈನ ಕವಿ ಕ್ರಿ.ಶ. 634ರಲ್ಲಿ ಆ ಜಿನಾಲಯವನ್ನು ಕಟ್ಟಿಸಿ, ಅದರ ಗೋಡೆಯ ಮೇಲೆ ಹರ್ಷನನ್ನು ತಡೆದ ಇಮ್ಮಡಿ ಪುಲಿಕೇಶಿಯ ಪ್ರಶಸ್ತಿಯನ್ನು ಕೆತ್ತಿಸಿದನು. ಕಾಳಿದಾಸ, ಭಾರವಿಯರ ಹೆಸರುಗಳು ಬರುವುದರಿಂದ ಆ ಕವಿಗಳ ಕಾಲನಿರ್ಣಯಕ್ಕೂ ವಿದ್ವಾಂಸರು ಅದನ್ನೇ ಆಧರಿಸುತ್ತಾರೆ. ನಮ್ಮೊಡನೆ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಈ ಶಾಸನದ ಪಾಠ ಹೇಳಿದವರು, ಅದನ್ನು ಕಣ್ಣಾರೆ ಕಾಣಲೆಂದೇ ಬಂದವರು. ಆ ತಾಯಿ ಗುಡ್ಡದ ಕೆಳಗೆ ನಿಂತು ಕೈಮುಗಿದು ಹಿಂದಿರುಗಿದರು. ಅಷ್ಟರಲ್ಲಿ ಸೂರ್ಯಾಸ್ತವೂ ಆಗಿದ್ದರಿಂದ ರಾತ್ರಿಭೋಜನ ತ್ಯಾಗವುಳ್ಳ ಹನ್ನೊಂದು ಮಂದಿ ಬುತ್ತಿಯ ಡಬ್ಬಿಯನ್ನು ಬಿಚ್ಚದೆ ಕೆಳಗಿಟ್ಟರು. ಖಣ ಕೊಂಡವರು ಹಿಂದಿನ ಸಾಲಿನಲ್ಲಿ ಚಿಪ್ಸು ತಿನ್ನುತ್ತಿದ್ದರು.

ಕೋತಿಗಳ ಸಂಗತಿಯನ್ನೂ ಹೇಳಿಬಿಡುತ್ತೇನೆ. ಬಾದಾಮಿಯ ಮೆಟ್ಟಿಲುಗಳ ಮೇಲೆ ಒಬ್ಬ ಮಹನೀಯರು ಪ್ಲಾಸ್ಟಿಕ್ ಚೀಲ ಸಮೇತ ಬಿಸ್ಕತ್ತು ಎಸೆದು, ಅದನ್ನು ಜೀವದಯೆ ಎಂದು ಕರೆದರು. ಕೋತಿಗಳು ಮುಂದಿನವರ ಕೈಚೀಲಗಳಿಗೆ ಎರಗಿದವು. ಒಂದು ಮಗು ಹೆದರಿ ಎಡವಿ ಬಿತ್ತು. ಪ್ರಾಣಿಯ ಹೊಟ್ಟೆಗೆ ಪ್ಲಾಸ್ಟಿಕ್ಕು, ಮಗುವಿನ ಮೊಣಕಾಲಿಗೆ ಗಾಯ. ಇದೆಂಥ ದಯೆ?

ಇಂಥವರನ್ನು ಕೇಳಿದರೆ ಒಂದೇ ಉತ್ತರ: “ನಾವು ಬೇಕೆಂದು ಮಾಡಿದ್ದಲ್ಲ, ಪ್ರವಾಸವೆಂದ ಮೇಲೆ ಹೊಂದಿಕೊಳ್ಳಬೇಕಪ್ಪಾ.” ಬೇಕೆಂದು ಮಾಡಲಿಲ್ಲವೆಂಬುದು ಜೈನನ ಬಾಯಿಂದ ಬರಬಾರದ ಸಮರ್ಥನೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದವನ್ನೇ, ಎಚ್ಚರಗೇಡಿತನವನ್ನೇ, ಮುಂದಿಟ್ಟಿದ್ದಾರೆ. ಇರುವೆ ಸತ್ತೀತೆಂದು ನೆಲ ನೋಡಿ ನಡೆಯುವ ಶ್ರಾವಕನು ಪಕ್ಕದ ಆಸನದ ಮನುಷ್ಯನನ್ನೇ ನೋಡದಿದ್ದರೆ ಆ ಈರ್ಯಾಸಮಿತಿಯ ಅಭ್ಯಾಸ ಕಾಲಿಗೆ ಮಾತ್ರ ಆಯಿತು. ಇನ್ನು ಹೊಂದಿಕೊಳ್ಳುವ ಮಾತು. ಆ ದಿನ ಹೊಂದಿಕೊಂಡವರು 34 ಮಂದಿ, ಹೊಂದಿಸಿಕೊಂಡವರು ನಾಲ್ವರು.

ಪ್ರವಾಸ ಸಂಸ್ಥೆಯವರ ತಪ್ಪೂ ಇದೆ. ಟಿಕೆಟ್ಟಿನಲ್ಲಿ ವೇಳೆಯನ್ನು ಅಚ್ಚು ಹಾಕಿಸಿಯೂ ಗಿರಾಕಿಯ ಮುಖ ನೋಡಿ ಬಸ್ಸು ನಿಲ್ಲಿಸಿದರು. ಅವರದು ವ್ಯಾಪಾರ, ಬಿಡೋಣ. ಆದರೆ ನಮ್ಮ ಬಸದಿಗಳ ಟ್ರಸ್ಟುಗಳೂ ಮೂಡುಬಿದಿರೆ, ಕಾರ್ಕಳ, ವೇಣೂರುಗಳಿಗೆ ಯಾತ್ರೆ ಕರೆದೊಯ್ಯುತ್ತವೆ. ಅಲ್ಲಿಯೂ ಧರ್ಮದರ್ಶಿಗಳ ನೆಂಟರಿಗಾಗಿ ಬಸ್ಸು ಕಾಯುವುದನ್ನು ಕಂಡಿದ್ದೇನೆ. ಟ್ರಸ್ಟಿನವರಲ್ಲಿ ನನ್ನ ಬೇಡಿಕೆ ಸ್ಪಷ್ಟ: ಹೊರಡುವ ವೇಳೆಯನ್ನು ಅರ್ಜಿಯಲ್ಲಿಯೇ ಬರೆಯಿರಿ. ಹತ್ತು ನಿಮಿಷ ಮೀರಿದರೆ ಬಸ್ಸು ಹೊರಡಲಿ, ಉಳಿದವರು ಸ್ವಂತ ಖರ್ಚಿನಲ್ಲಿ ಬಂದು ಸೇರಲಿ. ಅಧ್ಯಕ್ಷರ ಮನೆಯವರಿಗೂ ಇದೇ ನಿಯಮವಿರಲಿ.

ವೃದ್ಧರಿಗೆ ತೊಂದರೆಯಾದೀತೆಂಬ ಆಕ್ಷೇಪ ಬರುವುದುಂಟು. ಬಾದಾಮಿಯಲ್ಲಿ ಮೆಟ್ಟಿಲಿಳಿದು ಎಲ್ಲರಿಗಿಂತ ಮೊದಲು ಬಸ್ಸಿನಲ್ಲಿ ಕುಳಿತವರು ಎಪ್ಪತ್ತು ದಾಟಿದ ಆ ಶಿಕ್ಷಕಿಯೇ.