ಒಂದು ವೆಂಟಿಲೇಟರ್, ಇಬ್ಬರು ಪೇಷಂಟ್: ಈ ಲೆಕ್ಕ ಕೂಡಂಗಿಲ್ಲ

ಲೆಕ್ಕದ ಮಾತು, ಭಾಗ 6. ಉದ್ದ ಐತಿ ದೋಸ್ತ್ರ, ಸೇವ್ ಮಾಡ್ಕೊಂಡು ಆಮ್ಯಾಲೆ ಓದಿದ್ರೂ ನಡೀತೈತಿ.

ಬೋರ್‌ವೆಲ್ ಪೈಪಿಗೆ ಟಿ ಜಾಯಿಂಟ್ ಹಾಕಿ ಎರಡು ಹೊಲಕ್ಕ ನೀರು ಬಿಡೋದು ನಮ್ಮ ಕಡೆ ಎಲ್ಲಾರಿಗೂ ಗೊತ್ತು. ಒಂದು ಹೊಲ ಏರಿನ್ಯಾಗ, ಇನ್ನೊಂದು ಇಳಿಜಾರಿನ್ಯಾಗ ಇದ್ರ? ಇಳಿಜಾರಿನ ಕಬ್ಬು ನೀರಾಗ ನಿಲ್ತೈತಿ, ಏರಿಂದು ಒಣಗತೈತಿ. ಮೋಟರ್ ಮಾತ್ರ ಸರಿಯಾಗೇ ಓಡತಿರತೈತಿ.

ಒಂದು ವೆಂಟಿಲೇಟರ್ ಇಬ್ಬರಿಗೆ ಹಂಚೋದಂದ್ರ ಹೆಚ್ಚು ಕಡಿಮೆ ಇದ. ಗಟ್ಟಿಯಾದ ಶ್ವಾಸಕೋಶಕ್ಕ ಗಾಳಿ ಕಡಿಮೆ, ಮೆತ್ತಗಿದ್ದದ್ದಕ್ಕ ಜಾಸ್ತಿ. ಒಬ್ಬರ ಟ್ಯೂಬ್ ಕಫದಿಂದ ಕಟ್ಟಿದ್ರ ಇನ್ನೊಬ್ಬರ ಗಾಳಿಯ ಲೆಕ್ಕನೂ ತಪ್ಪಬಹುದು. ಮಷಿನ್ ತೋರಿಸೋದು ಇಬ್ಬರ ಒಟ್ಟು ಲೆಕ್ಕ, ಯಾರಿಗೆ ಎಷ್ಟು ಹೋತು ಅನ್ನೋದು ತಿಳಿಯಂಗಿಲ್ಲ. ಒಬ್ಬರ ಸೋಂಕು ಇನ್ನೊಬ್ಬರಿಗೆ ಹೋಗೋ ಭಯ ಬ್ಯಾರೆ.

ಹಂಗಾರ ಯಾರೂ ಮಾಡೇ ಇಲ್ಲೇನು? ಮಾಡ್ಯಾರ. 2017ರ ಅಕ್ಟೋಬರ್‌ನ್ಯಾಗ ಲಾಸ್ ವೇಗಾಸ್ ಗುಂಡಿನ ದಾಳಿ ಆದಾಗ ಸನ್‌ರೈಸ್ ಆಸ್ಪತ್ರೆಯ ಡಾ. ಕೆವಿನ್ ಮೆನೆಸ್ ಮಷಿನ್ ಸಾಲದೆ ಒಂದಕ್ಕ ಇಬ್ಬರನ್ನ ಹಾಕಿದ್ರು. ಆದ್ರ ಅದು ಗಾಯ ಆದವರಿಗೆ, ಸ್ವಲ್ಪ ಹೊತ್ತಿಗೆ. ಕೋವಿಡ್ ಪೇಷಂಟ್‌ಗೆ ದಿನಗಟ್ಟಲೆ, ವಾರಗಟ್ಟಲೆ ಬೇಕು. 2020ರ ಮಾರ್ಚ್‌ನ್ಯಾಗ ನ್ಯೂಯಾರ್ಕ್‌ನವರು ಇದಕ್ಕ ಒಂದು ವಿಧಾನ ಬರೆದ್ರು. ಅದೇ ತಿಂಗಳು 26ಕ್ಕ ಅಮೆರಿಕದ ಅರಿವಳಿಕೆ ತಜ್ಞರು, ಐಸಿಯು ವೈದ್ಯರು, ನರ್ಸ್‌ಗಳ ಸಂಘಗಳು ಕೂಡಿ ಹೇಳಿದ್ದು: ಈಗಿರೋ ಮಷಿನ್‌ಗಳಿಂದ ಇದು ಸುರಕ್ಷಿತವಾಗಿ ಆಗಂಗಿಲ್ಲ, ಮಾಡಬ್ಯಾಡ್ರಿ.

"ಹೆಂಗೂ ಸಾಯ್ತಾರಲ್ಲ, ಅರ್ಧ ಅವಕಾಶನಾದ್ರೂ ಸಿಗಲಿ" ಅಂತ ಕೇಳಬಹುದು. ಖರೇ ಮಾತು, ಹಗುರ ತಗೊಳಂಗಿಲ್ಲ. ಆದ್ರ ಆ ಅರ್ಧ ಎಲ್ಲಿಂದ ಬಂತು? ಮೊದಲೇ ಮಷಿನ್ ಮ್ಯಾಲಿದ್ದವರ ಪಾಲಿನಿಂದ. ಅವರು ಪ್ರಜ್ಞೆ ಇಲ್ಲದೆ ಮಲಗ್ಯಾರ. ಅವರನ್ನ, ಅವರ ಮನಿಯವರನ್ನ ಯಾರು ಕೇಳಿದ್ರು? ನನ್ನ ಅಭಿಪ್ರಾಯ ಇಷ್ಟು: ಇನ್ನೊಂದು ಮಷಿನ್ ಬರೋತನಕ, ಆಂಬ್ಯುಲೆನ್ಸ್ ಮುಟ್ಟೋತನಕ, ಕೊನೆಯ ದಾರಿ ಅಂತ ವೈದ್ಯರು ಮಾಡಿದ್ರ ಅವರನ್ನ ದೂರೋದು ಬ್ಯಾಡ. ಆದ್ರ ಸರ್ಕಾರ ಇದನ್ನ ಯೋಜನೆ ಅಂತ ಲೆಕ್ಕಕ್ಕ ಹಿಡಿಯಬಾರದು. ಮಷಿನ್ ಯಾರಿಗೆ ಮೊದಲು ಅನ್ನೋ ನಿಯಮನೂ ಮೊದಲೇ ಬರೆದಿರಬೇಕು. ರಾತ್ರಿ 2 ಗಂಟೆಗೆ ಡ್ಯೂಟಿ ಡಾಕ್ಟರ್ ಒಬ್ಬರ ತಲಿ ಮ್ಯಾಲೆ ಹಾಕಬಾರದು, ವಶೀಲಿ ಮ್ಯಾಲಂತೂ ನಡೀಬಾರದು.

ಈಗ ನಮ್ಮ ಬಿಕಾಂ ಲೆಕ್ಕಕ್ಕ ಬರ್ರಿ. 2020ರ ಮೇ ತಿಂಗಳಾಗ ಪಿಎಂ ಕೇರ್ಸ್‌ನಿಂದ 50,000 ವೆಂಟಿಲೇಟರ್‌ಗೆ 2,000 ಕೋಟಿ ಇಟ್ರು. ಭಾಗಾಕಾರ ಮಾಡಿದ್ರ ಒಂದಕ್ಕ 4 ಲಕ್ಷ. ಮೈಸೂರಿನ ಸ್ಕ್ಯಾನ್‌ರೇ, ಬೆಂಗಳೂರಿನ ಬಿಇಎಲ್ ಕೂಡಿ ನಮ್ಮ ರಾಜ್ಯದಾಗೇ ತಯಾರಿ ಮಾಡಿದ್ರು, ಹೆಮ್ಮೆ ಪಡೋ ಮಾತು. ಆದ್ರೂ 2021ರ ಮೇ ತಿಂಗಳಾಗ ದೇಶದ ಕೆಲವು ಕಡೆ ಮಷಿನ್ ಸುಮ್ಮನ ಕುಂತಾವ ಅಂತ ಸುದ್ದಿ ಬಂದು, ಪ್ರಧಾನಿನೇ ಆಡಿಟ್ ಮಾಡ್ರಿ ಅನ್ನಬೇಕಾತು.

ಬ್ಯಾಲೆನ್ಸ್ ಶೀಟಿನ್ಯಾಗ ಸ್ಥಿರಾಸ್ತಿ ಐತಿ, ನಡೆಸಾಕ ದುಡಿಮೆ ಬಂಡವಾಳ ಇಲ್ಲ ಅಂದ್ರ ಆ ಅಂಗಡಿ ಓಡತೈತೇನು? ವೆಂಟಿಲೇಟರ್‌ನ ದುಡಿಮೆ ಬಂಡವಾಳ ಅಂದ್ರ ನರ್ಸ್, ಟೆಕ್ನಿಷಿಯನ್, ಆಕ್ಸಿಜನ್, ರಿಪೇರಿ. ಒಂದು ಬೆಡ್‌ಗೆ ಒಬ್ಬರು ನರ್ಸ್ ಹಿಡಿದ್ರೂ 3 ಶಿಫ್ಟ್‌ಗೆ 3 ಮಂದಿ. ಆಕ್ಸಿಜನ್ ಇಲ್ಲ ಅಂದ್ರ ಏನಾಗ್ತೈತಿ ಅನ್ನೋದನ್ನ 2021ರ ಮೇ ಮೊದಲ ವಾರ ಚಾಮರಾಜನಗರ ಜಿಲ್ಲಾಸ್ಪತ್ರೆಯ 24 ಸಾವುಗಳು ಇಡೀ ರಾಜ್ಯಕ್ಕ ತೋರಿಸಿದ್ವು.

ನಮ್ಮ ಬೋರಗಾಂವ ಕಡೆಗೆ ಇದು ಇನ್ನೂ ಬಿಗಿ. ಬೆಳಗಾವಿಗಿಂತ ನಮಗ ಇಚಲಕರಂಜಿ, ಕೊಲ್ಹಾಪುರ, ಮಿರಜ ಹತ್ತಿರ. ಆದ್ರ ಕೋವಿಡ್ ಕಾಲಕ್ಕ ಕೊಗನೊಳ್ಳಿ ಚೆಕ್‌ಪೋಸ್ಟ್‌ನ್ಯಾಗ ರಿಪೋರ್ಟ್ ಕೇಳತಿದ್ರು ಅನ್ನೋದು ನೆನಪೈತಲ್ಲ? ಕಷ್ಟ ಬಂದಾಗ ಗಡಿ ಮುಚ್ಚಿದ್ರ ನಮಗ ನಮ್ಮ ತಾಲೂಕು ಆಸ್ಪತ್ರೆನೇ ಗತಿ. ಹಂಗಾಗಿ ಅದು ಗಟ್ಟಿ ಇರಬೇಕು.

ನಾವೇನು ಮಾಡೂಣು? 10 ರೂಪಾಯಿಯ ಒಂದು ಆರ್‌ಟಿಐ ಅರ್ಜಿ, ನಾಲ್ಕು ಪ್ರಶ್ನೆ: ನಮ್ಮ ತಾಲೂಕಿನ್ಯಾಗ ವೆಂಟಿಲೇಟರ್ ಎಷ್ಟು? ಚಾಲೂ ಇರೋದು ಎಷ್ಟು? ನಡೆಸಾಕ ತರಬೇತಿ ಆದವರು ಎಷ್ಟು ಮಂದಿ? ರಿಪೇರಿ ಕರಾರು ಯಾವಾಗ ಮುಗೀತೈತಿ? ಇನ್ನ ಪಿಯುಸಿ ಸೈನ್ಸ್ ಮುಗಿಸಿದ ತಂಗಿ-ತಮ್ಮಂದಿರಿಗೆ ಒಂದು ಮಾತು: ಉಸಿರಾಟ ಚಿಕಿತ್ಸೆ, ಅರಿವಳಿಕೆ ತಂತ್ರಜ್ಞಾನದ ಕೋರ್ಸ್‌ಗಳೂ ಅದಾವ, ಡಾಕ್ಟರ್ ಸೀಟು ಸಿಗಲಿಲ್ಲ ಅಂತ ಕೈ ಚೆಲ್ಲಬ್ಯಾಡ್ರಿ.

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದವರು ಯಾರು ಅರ್ಜಿ ಹಾಕ್ತೀರಿ, ಕಮೆಂಟಿನ್ಯಾಗ ಊರ ಹೆಸರು ಹಾಕ್ರಿ. ಅರ್ಜಿ ಬರೆಯೂದು ಕೂಡೇ ಮಾಡೂಣು.

#ಲೆಕ್ಕದಮಾತು #ಬೋರಗಾಂವ #ನಿಪ್ಪಾಣಿ #ಗಡಿನಾಡು #ವೆಂಟಿಲೇಟರ್