ಅರಿಶಿನದ ಕಾಗದ ಹೇಳುವುದು, ಹೇಳದಿರುವುದು

ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಮನೆಮಂದಿಗೆಲ್ಲ ಗಡಿಬಿಡಿ. ಥರ್ಮೋಕೋಲ್ ಕತ್ತರಿಸಿ ಜ್ವಾಲಾಮುಖಿ ಕಟ್ಟುವವರು ಅಪ್ಪ, ಬಣ್ಣ ಬಳಿಯುವವರು ಅಮ್ಮ, ಬಹುಮಾನ ಮಾತ್ರ ಮಗುವಿಗೆ! ಅದಕ್ಕಿಂತ ಮನೆಯ ಪದಾರ್ಥಗಳನ್ನು ಮಗುವೇ ಪರೀಕ್ಷಿಸಿ ನೋಡುವುದು ಎಷ್ಟೋ ಮೇಲು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಆಶಯವೂ ಇದೇ: 10ರಿಂದ 17 ವರ್ಷದ ಮಕ್ಕಳು ತಮ್ಮ ಸುತ್ತಲಿನ ಸಮಸ್ಯೆಯನ್ನು ತಾವೇ ಅಭ್ಯಾಸ ಮಾಡಬೇಕು.

ಇದಕ್ಕೆ ಖರ್ಚೇನೂ ಇಲ್ಲ. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಹಚ್ಚಿ ಒಣಗಿಸಿದರೆ ಪರೀಕ್ಷಾ ಕಾಗದ ಸಿದ್ಧ. ಸಾಬೂನಿನ ನೀರು, ವಾಷಿಂಗ್ ಸೋಡಾ ತಾಗಿದರೆ ಕಾಗದ ಕೆಂಪಾಗುತ್ತದೆ. ಇವು ಕ್ಷಾರಗಳು. ನಿಂಬೆರಸ, ಮಜ್ಜಿಗೆ ತಾಗಿದರೆ ಹಳದಿಯಾಗಿಯೇ ಉಳಿಯುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವ ಅಜ್ಜಿಗೆ ಈ ರಸಾಯನಶಾಸ್ತ್ರ ಎಂದೋ ಗೊತ್ತು.

ಆದರೆ ಕೆಂಪಾಗದ್ದೆಲ್ಲ ಸುರಕ್ಷಿತ ಎಂದು ಮಗು ತಿಳಿದರೆ ಅಪಾಯ. ಸೀಮೆಎಣ್ಣೆಗಾಗಲಿ ಇಲಿ ಪಾಷಾಣಕ್ಕಾಗಲಿ ಈ ಕಾಗದ ಎಚ್ಚರಿಕೆ ಕೊಡದು. ಆಮ್ಲದ ತೀವ್ರತೆಯನ್ನೂ ಅಳೆಯದು. ಒಂದು ಪರೀಕ್ಷೆ ಉತ್ತರಿಸುವುದು ಒಂದೇ ಪ್ರಶ್ನೆಗೆ. ವಸ್ತುಪ್ರದರ್ಶನದಲ್ಲಿ ಮಗು ಕಲಿಯಬೇಕಾದ ದೊಡ್ಡ ಪಾಠ ಇದೇ ಎಂದು ನನ್ನ ಅಭಿಪ್ರಾಯ. ಆದ್ದರಿಂದ ಕಕ್ಕಸು ತೊಳೆಯುವ ಆಸಿಡ್, ಬ್ಲೀಚಿಂಗ್ ಪುಡಿ, ಕೀಟನಾಶಕಗಳು ಮಗುವಿನ ಪ್ರಯೋಗಕ್ಕೆ ಬೇಡವೇ ಬೇಡ.

ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದರೂ ಸೈನೈಡ್ ದಿಬ್ಬಗಳು ರಾಬರ್ಟ್‌ಸನ್‌ಪೇಟೆಯವರ ಕಣ್ಣೆದುರೇ ಇವೆ. ಅದಿರಿನಿಂದ ಚಿನ್ನ ತೆಗೆಯುವ ಸೈನೈಡ್ ದ್ರಾವಣಕ್ಕೆ ಸುಣ್ಣ ಬೆರೆಸುವುದು ವಾಡಿಕೆ. ಆಮ್ಲ ಸೇರಿದರೆ ಪ್ರಾಣಾಂತಕ ಅನಿಲ ಏಳುತ್ತದೆ. ಅಂಥದೇ ಎಚ್ಚರಿಕೆ ನಮ್ಮ ಬಚ್ಚಲಿಗೂ ಬೇಕು. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಅನಿಲ ಹೊರಟು ಶ್ವಾಸಕೋಶವನ್ನು ಸುಡುತ್ತದೆ. ಇವೆರಡನ್ನೂ ಎಂದೂ ಒಟ್ಟಿಗೆ ಬಳಸಬೇಡಿ.

ಎಲೆ-ಅಡಿಕೆಯ ಸುಣ್ಣವೂ ಸಾಮಾನ್ಯವಲ್ಲ. ಸುಣ್ಣದ ಪೊಟ್ಟಣವನ್ನು ಮಗು ಹಿಚುಕಿದಾಗ ಒಡೆದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕ್ಷಾರವು ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ತಕ್ಷಣ ರೆಪ್ಪೆ ಬಿಡಿಸಿ, ಕನಿಷ್ಠ 20 ನಿಮಿಷ ಶುದ್ಧ ನೀರು ಸುರಿದು ತೊಳೆದು, ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಗು ಆಸಿಡ್ ಅಥವಾ ಕ್ಷಾರ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸುಟ್ಟ ಅನ್ನನಾಳ ಮತ್ತೊಮ್ಮೆ ಸುಡುತ್ತದೆ. ನಿಂಬೆರಸವೂ ಬೇಡ. ಬಾಯಿ ಮುಕ್ಕಳಿಸಿ, ಆ ಬಾಟಲಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಹೊರಡಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ನಮ್ಮಲ್ಲಿ ಆಸಿಡ್, ಫಿನೈಲ್‌ಗಳನ್ನು ಖಾಲಿಯಾದ ಜ್ಯೂಸ್ ಬಾಟಲಿಗೆ ತುಂಬಿ ಬಚ್ಚಲ ಮೂಲೆಯಲ್ಲಿಡುವ ರೂಢಿ ಇನ್ನೂ ಇದೆ. ಬಾಯಾರಿದ ಮಗುವಿಗೆ ಅದು ಬರೀ ಜ್ಯೂಸ್. ಪೋಷಕರಲ್ಲಿ, ಉಪಾಧ್ಯಾಯರಲ್ಲಿ ನನ್ನದೊಂದು ಸಲಹೆ. ಮಗು ತನ್ನ ಚಾರ್ಟಿನಲ್ಲಿ ಪದಾರ್ಥದ ಹೆಸರು, ಕಾಗದದ ಬಣ್ಣ ಇವೆರಡರ ಪಕ್ಕದಲ್ಲಿ ಮೂರನೆಯ ಕಲಂ ಒಂದನ್ನು ಎಳೆಯಲಿ: 'ನಮ್ಮ ಮನೆಯಲ್ಲಿ ಇದನ್ನು ಎಲ್ಲಿ, ಯಾವ ಬಾಟಲಿಯಲ್ಲಿ ಇಟ್ಟಿದ್ದಾರೆ?' ಮುಟ್ಟಬಾರದವುಗಳ ಹೆಸರನ್ನೂ ದೊಡ್ಡವರನ್ನು ಕೇಳಿ ಬರೆದುಕೊಳ್ಳಲಿ. ಆ ಕಲಂ ತುಂಬುವ ಮೊದಲೇ ಅಪ್ಪ-ಅಮ್ಮ ಬಾಟಲಿಗಳನ್ನು ಎತ್ತರದ ಕಪಾಟಿಗೆ ಸೇರಿಸಿ ಬೀಗ ಹಾಕಿದರೆ, ಬಹುಮಾನ ಬರದಿದ್ದರೂ ಆ ಪ್ರಯೋಗ ಗೆದ್ದಂತೆಯೇ.