ಕೀಲೆಣ್ಣೆಯ ವಿಜ್ಞಾನವೂ ಕನ್ನಡ ಶಾಲೆಯೂ

ಎಣ್ಣೆ ಕಾಣದ ಕೀಲು ಸವೆಯುವುದೆಂಬುದನ್ನು ಗಾಡಿ ಹೂಡುವ ರೈತನೂ ಬಲ್ಲ. ರಾಜಾಜಿನಗರ, ಕಾಮಾಕ್ಷಿಪಾಳ್ಯಗಳ ಕಾರ್ಖಾನೆಗಳಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಕಾರ್ಮಿಕನೂ ಬಲ್ಲ. ಆದರೆ ಉಜ್ಜುವ ಎರಡು ಲೋಹಗಳ ನಡುವೆ ಸಿಕ್ಕ ಎಣ್ಣೆಯೊಳಗೆ ನಡೆಯುವುದೇನು? ಇದಕ್ಕೆ ಉತ್ತರವನ್ನು ವಿಜ್ಞಾನಿಗಳು ಇಂದು ಗಣಕಯಂತ್ರದಲ್ಲಿಯೂ ಹುಡುಕುತ್ತಿದ್ದಾರೆ. ಆ ಉತ್ತರ ಕಾರ್ಮಿಕನ ಮಗುವಿಗೆ ಅದರ ನುಡಿಯಲ್ಲಿಯೇ ದೊರೆಯಬೇಕೆಂಬುದು ವಿದ್ಯಾಸಂಸ್ಥೆಗಳು ಮನಗಾಣತಕ್ಕ ವಿಷಯ.

ಈ ವಿಧಾನಕ್ಕೆ ತಳಹದಿ ಹಾಕಿದವರಲ್ಲಿ ಹೈದರಾಬಾದಿನಲ್ಲಿ ಜನಿಸಿದ ಅನೀಸುರ್ ರಹಮಾನ್ ಪ್ರಮುಖರು. ಅವರು 1964ರಲ್ಲಿ ಅಮೆರಿಕದಲ್ಲಿ, ದ್ರವರೂಪದ ಆರ್ಗಾನ್ ಅನಿಲದ 864 ಪರಮಾಣುಗಳ ಚಲನೆಯನ್ನು ಗಣಿಸಿ ತೋರಿಸಿದರು. ಪ್ರತಿಯೊಂದು ಕಣದ ಮೇಲೆ ನೆರೆಯ ಕಣಗಳ ಸೆಳೆತ, ತಳ್ಳುವಿಕೆಗಳೆಷ್ಟೆಂದು ಲೆಕ್ಕ ಹಾಕಿ, ನ್ಯೂಟನ್ನನ ನಿಯಮದಂತೆ ಅದನ್ನು ಒಂದೊಂದೇ ಹೆಜ್ಜೆ ಮುಂದಿರಿಸುವುದೇ ಇದರ ಮರ್ಮ. ಎಣ್ಣೆಯ ಲೆಕ್ಕದಲ್ಲಿ ಒಂದು ಹೆಜ್ಜೆಯ ಅವಧಿ ಸುಮಾರಾಗಿ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲು! ಎಣ್ಣೆಯ ಇಕ್ಕೆಲಗಳಲ್ಲಿ ಗೋಡೆಗಳನ್ನು ಕಲ್ಪಿಸಿ ವಿರುದ್ಧ ದಿಕ್ಕಿಗೆ ಸರಿಸಿದರೆ ಪದರದ ಮೇಲೆ ಪದರ ಜಾರುತ್ತದೆ. ವೇಗ ಮಿಗಿಲಾದಾಗ ಸರಪಳಿಯಂತಹ ನೀಳ ಅಣುಗಳು ಹರಿವಿನ ದಿಕ್ಕಿಗೆ ಸಾಲುಗೊಳ್ಳುತ್ತವೆ. ಎಣ್ಣೆಯ ಸ್ನಿಗ್ಧತೆ ಕುಗ್ಗುತ್ತದೆ. ಅದೇ ಎಣ್ಣೆ ಕೆಲವೇ ಅಣುಗಳಷ್ಟು ತೆಳುವಾದಾಗ ಪದರಗಟ್ಟಿ ಘನವಸ್ತುವಿನಂತೆ ವರ್ತಿಸುವುದೂ ಉಂಟು.

ಇದು ಪರದೇಶದ ಮಾತಷ್ಟೇ ಅಲ್ಲ. ರಾಜಾಜಿನಗರಕ್ಕೆ ದೂರವಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಕ್ಕಟ್ಟಾದ ಎಡೆಯಲ್ಲಿ ಸಿಲುಕಿದ ದ್ರವಗಳನ್ನು ಕುರಿತು ಇಂತಹ ಅಧ್ಯಯನಗಳು ನಡೆದಿವೆ. ಅಲ್ಲಿ 2022ರಲ್ಲಿ ಸ್ಥಾಪಿತವಾದ 'ಪರಮ್ ಪ್ರವೇಗ' ಮಹಾಗಣಕದ ಸಾಮರ್ಥ್ಯ ಸೆಕೆಂಡಿಗೆ 33 ಕೋಟಿ ಕೋಟಿ ಗಣನೆಗಳು. ಆದರೂ ಗಣಕದೊಳಗಿನ ಜಾರುವೇಗ ಬಹುಮಟ್ಟಿಗೆ ನಿಜಯಂತ್ರದ್ದಕ್ಕಿಂತ ಬಹಳ ಹೆಚ್ಚು. ಆದುದರಿಂದ ಅಲ್ಲಿ ಕಂಡುದನ್ನು ಅಳತೆಯ ಒರೆಗೆ ಹಚ್ಚಲೇಬೇಕು. ನಡೆ ನುಡಿಗಳು ಒಂದಾಗಬೇಕೆಂಬ ಶರಣರ ತತ್ತ್ವ ವಿಜ್ಞಾನಕ್ಕೂ ಸಲ್ಲುವಂಥದು.

ಇಂತಹ ವಿಷಯ ಕನ್ನಡಕ್ಕೆ ಒಗ್ಗದೆಂಬವರುಂಟು. ಈ ಮಾತು ನಿರಾಧಾರವಾದುದು. 'ಕೀಲೆಣ್ಣೆ' ಹಳ್ಳಿಗರ ಬಾಯಲ್ಲಿ ನಲಿದ ಮಾತು. 'ಸ್ನೇಹ'ವೆಂದರೆ ಸಂಸ್ಕೃತದಲ್ಲಿ ಎಣ್ಣೆಯೂ ಹೌದು, ಒಲವೂ ಹೌದು. 'ಸ್ನಿಗ್ಧತೆ' ಅದರ ಒಡಹುಟ್ಟು. ಇಂತಹ ಸಂಪತ್ತಿರುವಾಗ ಮಗು ಆಂಗ್ಲ ಪದಗಳನ್ನು ಅರ್ಥವರಿಯದೆ ಉರುಹೊಡೆಯುವುದು ಎಷ್ಟು ಅನರ್ಥವೋ, ಪಂಡಿತರು ನಾಲಗೆಗೆ ಹೊರಳದ ಪದಗಳನ್ನು ಟಂಕಿಸಿ ಹೇರುವುದೂ ಅಷ್ಟೇ ಅನರ್ಥ. ಲೇತ್, ಬೇರಿಂಗ್‌ಗಳು ಈಗಾಗಲೇ ಕನ್ನಡದ ಮನೆಮಕ್ಕಳು. ಅವು ಹಾಗೆಯೇ ಇರಲಿ.

1964ರಲ್ಲಿ ದೊಡ್ಡ ಯಂತ್ರವನ್ನೇ ಬೇಡಿದ ಆ 864 ಪರಮಾಣುಗಳ ಲೆಕ್ಕವನ್ನು ಇಂದು ಶಾಲೆಯ ಸಾಮಾನ್ಯ ಗಣಕವೇ ಮಾಡಬಲ್ಲದು. ಅದಕ್ಕೆ ಬೇಕಾದ ತಂತ್ರಾಂಶಗಳೂ ಉಚಿತವಾಗಿ ದೊರೆಯುತ್ತವೆ. ಗಣಕವನ್ನು ಅಂಕಪಟ್ಟಿ ಬರೆಯುವುದಕ್ಕಷ್ಟೇ ಮೀಸಲಿಡದೆ, ಅಣುಗಳ ಚಲನೆಯನ್ನು ತೋರಿಸಿ ಕನ್ನಡದಲ್ಲಿ ವಿವರಿಸುವ ಹೊಣೆಯನ್ನು ಅಧ್ಯಾಪಕರು ಹೊರಲಿ. ಕಾರ್ಖಾನೆಗಳಲ್ಲಿ ದುಡಿದ ಹಿರಿಯ ವಿದ್ಯಾರ್ಥಿಗಳು ತಮ್ಮ ಅನುಭವವನ್ನು ಧಾರೆಯೆರೆಯಲಿ. ದಾನಿಗಳು ಅದಕ್ಕೆ ಒತ್ತಾಸೆಯಾಗಲಿ. ತಂದೆಯ ಕೈಗೆ ಅಂಟಿದ ಎಣ್ಣೆಯೂ ವಿದ್ಯೆಯ ವಸ್ತುವೆಂದು ಮಗು ಅರಿತಾಗಲೇ ಕಾಯಕದ ಗೌರವ ಪಾಠದ ಸಾಲನ್ನು ದಾಟಿ ಬಾಳಿಗೆ ಇಳಿಯುತ್ತದೆ.